ಬೀಟ್ ಸಕ್ಕರೆಗೆ ಹಸಿರು ದೀಪ

ವಿಜಯಪುರ, ಕ್ರಿ.ಶ. 2319, ಉರಿಮಾಸದ ಮೂವತ್ತಮೂರನೆಯ ದಿನ

ನಮಗಿಂತ ಮುನ್ನೂರು ವರ್ಷ ಮೊದಲು ಬದುಕಿರುವ ಹಿರಿಯರೇ,

ಉರಿಮಾಸವೆಂದರೆ ಬೇಸಿಗೆ ಉದ್ದವಾದ ಮೇಲೆ ನಾವು ವರ್ಷಕ್ಕೆ ಸೇರಿಸಿಕೊಂಡ, ನಲವತ್ತು ದಿನಗಳ ಹದಿಮೂರನೆಯ ತಿಂಗಳು. ಇಂಥ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ಹತ್ತನೆಯ ತರಗತಿಯವರೆಗೆ ಮಾತ್ರ ಓದಿದವಳು. ಆದರೆ ಈ ಊರಿನ ರಸಕಟ್ಟೆಗೆ ನಾನೇ ಯಜಮಾನಿ.

ರಸಕಟ್ಟೆಯೆಂದರೆ ಹಣ್ಣಿನ ರಸವನ್ನು ಪರೀಕ್ಷಿಸುವ ಮನೆ. ಬಾವಿಗಳು ಉಪ್ಪಾದ ಮೇಲೆ ನಮ್ಮ ಜನ ದಾಳಿಂಬೆ ರಸವನ್ನೇ ನೀರಿನಂತೆ ಕುಡಿಯುತ್ತಾರೆ. ಮುಂಜಾನೆ ಗಾಣದಿಂದ ಬಂದ ಪ್ರತಿ ಪೀಪಾಯಿಯ ಒಂದು ಹನಿಯನ್ನು ತೂಕಗಣ್ಣು ಎಂಬ ಯಂತ್ರಕ್ಕೆ ಕೊಡುತ್ತೇವೆ. ಅದು ಸಕ್ಕರೆಯೊಳಗಿನ ಇಂಗಾಲವನ್ನು ತೂಗುತ್ತದೆ. ಕಬ್ಬಿನ ಇಂಗಾಲ ಹಣ್ಣಿನದಕ್ಕಿಂತ ಕೊಂಚ ಭಾರ. ಕಬ್ಬಿನ ಸಕ್ಕರೆ ಬೆರೆತಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಹಸಿರು ಹತ್ತಿದರೆ ರಸಕಟ್ಟೆಯ ಮನೆತನದ ಅತಿ ಚಿಕ್ಕವರು ಮೊದಲ ಲೋಟವನ್ನು ಊರೆದುರು ಕುಡಿಯಬೇಕು. ಅದು ಪದ್ಧತಿ. ನಮ್ಮಲ್ಲಿ ಅತಿ ಚಿಕ್ಕವಳು ಮೊಮ್ಮಗಳು ಬಸವಲೀಲಾ. ಅವಳಿಗೆ ಸಕ್ಕರೆ ಕಾಯಿಲೆ. ಹಣ್ಣಿನ ಸಿಹಿಯನ್ನು ಲೆಕ್ಕ ಹಾಕಿಯೇ ಸೂಜಿಮದ್ದು ಕೊಡುತ್ತಿದ್ದೆವು.

ಹಿಂದೆ ಇನ್ನೊಂದು ಪರೀಕ್ಷೆಯೂ ಇತ್ತು: ರಸದೊಳಗಿನ ಸಕ್ಕರೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು. ಒಂದು ದೀಪ ಸಾಕೆಂದು ನನ್ನ ಅಜ್ಜಿಯ ಕಾಲದಲ್ಲಿ ಊರಸಭೆ ಅದನ್ನು ನಿಲ್ಲಿಸಿತು. ಬೀಟ್ ಗಡ್ಡೆಯ ಇಂಗಾಲ ಹಣ್ಣಿನಷ್ಟೇ ಹಗುರ, ಅದರ ಸಕ್ಕರೆ ಬೆರೆಸಿದರೂ ದೀಪ ಹಸಿರೇ ಎಂಬುದನ್ನು ಗಾಣದವರು ಮಾತ್ರ ನೆನಪಿಟ್ಟುಕೊಂಡರು.

ಈ ವರ್ಷ ಮಗು ಸೊರಗತೊಡಗಿತು. ಎಷ್ಟು ಕುಡಿದರೂ ಬಾಯಾರಿಕೆ ತೀರದು. ಲೆಕ್ಕದ ಮದ್ದಿಗೂ ಮೈಯ ಸಕ್ಕರೆ ಇಳಿಯದಿದ್ದಾಗ ರಸದ ಮೇಲೆ ಅನುಮಾನ ಬಂತು. ಗಾಣದ ಈರಸಂಗಪ್ಪನನ್ನು ಕರೆಸಿದೆ.

"ಯವ್ವಾ, ದೀಪ ಹಸರ ಐತಿ. ಇನ್ನೇನ ಸೂರ್ಯನ್ನ ಇಳಿಸಿ ತೋರಸ್ಲ್ಯಾ?" ಎಂದು ನಕ್ಕ.

"ನಗಬ್ಯಾಡ. ಪೀಪಾಯಿ ಇಲ್ಲೇ ಬಿಟ್ಟು ನಡಿ," ಎಂದೆ.

ಮೂಲೆಯ ಹಳೆಯ ಯಂತ್ರವನ್ನು ತೆಗೆಸಿ ರಸವನ್ನು ಬಿಡಿಸಿದೆವು. ದಾಳಿಂಬೆಯಲ್ಲಿ ಇರಬಾರದ ಒಂದು ಸಣ್ಣ ಗೆರೆ ಮೂಡಿತು. ಅದು ಬೀಟ್ ಸಕ್ಕರೆಯ ಗುರುತು. ಗಾಣಕ್ಕೆ ಬೀಗ ಹಾಕಿಸಿದೆ. ಬಾಯಾರಿದ ಊರು ನಮ್ಮ ಬಾಗಿಲಿಗೆ ಕಲ್ಲು ತೂರಿತು. "ಹಸರ ದೀಪ ಕಂಡೂ ನಮ್ಮನ್ನ ಒಣಗಸ್ತೀಯೇನ, ಮುದುಕಿ?" ಎಂದು ಹೆಂಗಸರೇ ಕೂಗಿದರು. ಹೊರಗೆ ಬಂದು ನಿಂತೆ. ಬೀಗ ತೆಗೆಯಲಿಲ್ಲ. ಮರುದಿನ ಬಸವಲೀಲಾ ತೀರಿಕೊಂಡಳು. ಮಣ್ಣಿಗೆ ನಮ್ಮ ಮನೆಯವರ ಹೊರತು ಯಾರೂ ಬರಲಿಲ್ಲ.

ವಯಸ್ಸಿನಲ್ಲಿ ನಾನು ನಿಮಗಿಂತ ಮುನ್ನೂರು ವರ್ಷ ಕಿರಿಯಳು. ಆದರೂ ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ನಿಮ್ಮ ಪ್ರಯೋಗಾಲಯಗಳಲ್ಲಿ ಎರಡೂ ಪರೀಕ್ಷೆಗಳಿವೆ. ಒಂದು ಸಾಕೆಂದು ಯಾರಾದರೂ ಸಭೆಯಲ್ಲಿ ಎದ್ದು ನಿಂತರೆ, ಅವರನ್ನು ಕೂರಿಸಿ.

ಶಾಂತವೀರವ್ವ