ಕಾಲಿಗಿಂತ ಉದ್ದದ ಪ್ಯಾಡ್

ಹೈದರಾಬಾದ್, ಅಕ್ಟೋಬರ್ 2011

ಪೋಚಪ್ಪ ಕಾಕಾ, ಜೈಭೀಮ್.

ಇಲ್ಲಿ ಎಲೆಕ್ಟ್ರಾನಿಕ್ ಕಂಪನಿಯಲ್ಲಿ ಜೋಳದ ಕಾಳಿನಷ್ಟೇ ಇರುವ ಚಿಪ್‌ಗೂ ಕಾಲುಗಳಿವೆ. ಒಂದೊಂದು ಕಾಲನ್ನೂ ಬೆಸೆಯಲು ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದೊಂದು ತಾಮ್ರದ ಪಟ್ಟಿ, ಅಂದರೆ ಪ್ಯಾಡ್, ಬೇಕು. ಅದರ ಅಳತೆ ಬರೆಯುವುದೇ ನನ್ನ ಕೆಲಸ. ನಾನು ಪ್ಯಾಡನ್ನು ಕಾಲಿಗಿಂತ ತುಸು ಉದ್ದ ಬಿಟ್ಟಿದ್ದಕ್ಕೆ ನಮ್ಮ ಸಾಹೇಬರು, ಜಹೀರಾಬಾದಿನ ವೈಜಿನಾಥ, ರೇಗಿದರು: "ಕಾಲು ಎಷ್ಟದ ಅಷ್ಟೇ ಹಾಕು. ಜಾಗ ಯಾಕ ಹಾಳ ಮಾಡ್ತಿ?"

ನೆಲಕ್ಕೆ ತಾಂಡೂರು ಕಲ್ಲು ಹಾಸುವಾಗ ನೀನು ಹೇಳುವುದನ್ನೇ ನಾನು ಅವರಿಗೆ ಹೇಳಿದೆ: "ಅಂಚಿನಾಗ ಸಿಮೆಂಟ್ ಹೊರಗ ಕಾಣಬೇಕ್ರಿ. ಇಲ್ಲಂದ್ರ ಕಲ್ಲು ಕೂತದೋ ಇಲ್ಲೋ ಹ್ಯಾಂಗ ಗೊತ್ತಾಗ್ತದ?" ಎಲ್ಲರೂ ನಕ್ಕರು.

ನಿನ್ನೆ ಅವರ ಅಳತೆಯದು, ನನ್ನ ಅಳತೆಯದು, ಎರಡೂ ಥರದ ಬೋರ್ಡು ಬೆಸುಗೆಯ ಒಲೆಯಿಂದ ಬಂದವು. ಅವರ ಬೋರ್ಡಿನ ಚಿಪ್ ಉಗುರು ಹಚ್ಚಿದ ಕೂಡಲೇ ಕಿತ್ತು ಬಂತು. ನನ್ನದು ಅಲುಗಲಿಲ್ಲ, ಪ್ರತಿ ಕಾಲಿನ ಮುಂದೆಯೂ ಬೆಸುಗೆ ಮಿನುಗುತ್ತಿತ್ತು. ಈಗ ಯಾರೂ ನಗಲಿಲ್ಲ. ಆದರೂ ಸಾಹೇಬರದು ಒಂದೇ ಹಟ: "ಗಿರಾಕಿಗಿ ಸಣ್ಣ ಬೋರ್ಡೇ ಬೇಕು. ಪ್ಯಾಡ್ ಕಡಿಮಿ ಮಾಡು."

ನನ್ನ ಜ್ವರ ಬಿಟ್ಟಿದೆ, ಔಷಧಿಗೆಂದು ದುಡ್ಡು ಕಳಿಸಬೇಡ. ತೆಲಂಗಾಣದ ಮುಷ್ಕರದಿಂದ ಬಸ್ಸುಗಳಿಲ್ಲ. ಕೆಲಸದಿಂದ ತೆಗೆದರೆ ನಮ್ಮೂರು ಪೆದ್ದೆಮುಲ್‌ವರೆಗೂ ನಡೆದೇ ಬರುತ್ತೇನೆ. ಪ್ಯಾಡ್ ಕಡಿಮೆ ಮಾಡಿ ಮಾತ್ರ ಬರುವುದಿಲ್ಲ.

ನಿನ್ನ ಶಿಲ್ಪಾರಾಣಿ