ಎರಡು ಕೊಳವೆಗಳ ಉತ್ತರ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳಿದರೆ ನೀನು ನಂಬುವವಳಲ್ಲ. ಆ ಗುಣ ನನ್ನಿಂದಲೇ ಬಂದದ್ದು.

ಅಮ್ಮ ಹೇಗಿದ್ದಾಳೆ ಎಂದು ಕೇಳಿದ್ದೆ. ಹನ್ನೊಂದು ಕಿಲೋ ಏರಿದ್ದಾಳೆ. ನನ್ನೆದುರು ತಿನ್ನುವುದು ಗುಬ್ಬಿ ಕುಕ್ಕಿದಷ್ಟು. ಹಾಗಾದರೆ ಮೈ ಬಂದದ್ದು ಎಲ್ಲಿಂದ? ನನಗೆ ಅನುಮಾನ ಹೊಕ್ಕಿತು. ಬಿಸ್ಕತ್ತಿನ ಡಬ್ಬಿಯನ್ನು ತಕ್ಕಡಿಗೆ ಹಾಕಿ, ತೂಕ ನೋಡಿ ಒಳಗಿಟ್ಟೆ. ಅಡುಗೆಮನೆ ಕಪಾಟಿನ ಹಿಡಿಗೆ ದಾರ ಸುತ್ತಿ, ನಮ್ಮ ಲ್ಯಾಬಿನಲ್ಲಿ ಪೊಟ್ಟಣಕ್ಕೆ ಹಾಕುವ ಗಂಟು ಹಾಕಿದೆ. ಮೂರು ದಿನವೂ ಗಂಟು ಗಂಟಾಗಿಯೇ ಇತ್ತು, ಡಬ್ಬಿ ಮಾತ್ರ ಹಗುರವಾಗುತ್ತಿತ್ತು.

ನಮ್ಮ ಲ್ಯಾಬಿನ ಹಸಿವಿನ ಅಧ್ಯಯನ ನಿನಗೆ ಗೊತ್ತಲ್ಲ, ಅದು ಇನ್ನೂ ನಡೆಯುತ್ತಿದೆ. ರಕ್ತದ ಕೆಲವು ಪ್ರೋಟೀನುಗಳನ್ನು ಅಳೆದು, ಯಾರ ಹಸಿವು ಜಾಸ್ತಿ, ಯಾರ ತೂಕ ಏರಬಹುದು ಎಂದು ನೋಡುತ್ತಾರೆ. ಸಕ್ಕರೆ ಪರೀಕ್ಷೆ ಎಂದು ಸುಳ್ಳು ಹೇಳಿ, ಖಾಲಿ ಹೊಟ್ಟೆಯಲ್ಲಿ ಅಮ್ಮನ ರಕ್ತ ತೆಗೆದೆ. ಯಂತ್ರವನ್ನೂ ನಂಬದವನು ನಾನು. ಒಂದೇ ರಕ್ತವನ್ನು ಎರಡು ಕೊಳವೆಗೆ ಹಾಕಿ, ಬೇರೆ ಬೇರೆ ಸಂಖ್ಯೆ ಅಂಟಿಸಿ ಒಳಗೆ ಕಳಿಸಿದೆ. ಎರಡೂ ಒಂದೇ ಉತ್ತರ ಕೊಟ್ಟವು. ಹೊಟ್ಟೆ ತುಂಬಿತು ಎಂದು ತಲೆಗೆ ತಿಳಿಸುವ ಪ್ರೋಟೀನ್ ಅವಳಲ್ಲಿ ತೀರ ಕಡಿಮೆ.

ನಮ್ಮ ಲ್ಯಾಬಿನ ಡಾಕ್ಟರಮ್ಮನಿಗೆ ವಿಷಯ ತಿಳಿದು, ಅವರಿಂದ ಚೆನ್ನಾಗಿ ಬೈಸಿಕೊಂಡೆ. "ಹೇಳದೆ ಕೇಳದೆ ರಕ್ತ ಪರೀಕ್ಷೆ ಮಾಡಿಸೋದು ತಪ್ಪು ಅಂತ ನಿಮಗೆ ನಾನು ಹೇಳ್ಬೇಕಾ? ಈ ಒಂದು ಅಂಕಿ ಹಿಡ್ಕೊಂಡು ಎಲ್ಲಾ ಹೇಳೋಕಾಗಲ್ಲ. ಆದ್ರೆ ಅವರು ಹಸಿವು ಅಂದ್ರೆ ನಂಬಿ. ಕರ್ಕೊಂಡು ಬನ್ನಿ" ಎಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಎದ್ದು ಹೋಗಿ ಆ ದಾರ ತಂದು ನನ್ನ ಕೈಗಿಟ್ಟಳು.

"ಇಷ್ಟು ವರ್ಷ ಜೊತೇಲಿದ್ದೀನಿ, ನಿಮ್ಮ ಗಂಟು ನನಗೆ ಹಾಕೋಕೆ ಬರಲ್ವಾ? ಇದನ್ನ ಕಟ್ಟೋ ಬದಲು ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ಯಾ?"

"ಇಲ್ಲ. ಈ ಮನೇಲಿ ಹಸಿವು ಅಂದವಳಿಗೆ ಏನಾಯ್ತು ಅಂತ ನೋಡಿದ್ದೀನಲ್ಲ."

ಈಗ ಅವಳು ನನ್ನೆದುರೇ ಕೂತು ಉಣ್ಣುತ್ತಾಳೆ. ಎಷ್ಟು ಬಡಿಸಿಕೊಂಡಳೆಂದು ಎಣಿಸದಿರಲು ನಾನು ಪತ್ರಿಕೆ ಅಡ್ಡ ಹಿಡಿಯುತ್ತೇನೆ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇವೆ.

ನೀನು ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಮಾತು ಹೇಳುವ ಯೋಗ್ಯತೆ ನನಗಿಲ್ಲ.

ನಿನ್ನ
ಅಪ್ಪ

ತಾ.ಕ.: ನಿನಗೆ ಹದಿನಾರು ತುಂಬಿದ ವರ್ಷ, ನೆಂಟರೆದುರು ನಿನ್ನ ತಟ್ಟೆ ಎಳೆದುಕೊಂಡು, "ಇವಳದು ಹಸಿವಲ್ಲ, ಬಾಯಿಚಪಲ" ಎಂದಿದ್ದೆ. "ನಿಜವಾಗ್ಲೂ ಹಸಿವಪ್ಪಾ" ಎಂದೆ ನೀನು. ಆಮೇಲೆ ನೀನು ನನ್ನೆದುರು ಕೂತು ಉಂಡಿಲ್ಲ. ಮರುವಾರ ಸಕ್ಕರೆ ಪರೀಕ್ಷೆ ಎಂದು ನಿನ್ನ ರಕ್ತವನ್ನೂ ತೆಗೆದಿದ್ದೆ, ನೆನಪಿದೆಯೇ? ಆಗಲೂ ಎರಡು ಕೊಳವೆ ಕಳಿಸಿದ್ದೆ. ಎರಡರಲ್ಲೂ ಬಂದದ್ದು ಈಗ ಅಮ್ಮನಿಗೆ ಬಂದ ಉತ್ತರವೇ. ಯಂತ್ರ ಕೆಟ್ಟಿರಬೇಕೆಂದು ನನಗೆ ನಾನೇ ಹೇಳಿಕೊಂಡು, ಒಂಬತ್ತು ವರ್ಷ ಆ ಹಾಳೆಗಳನ್ನು ಮೇಜಿನ ಖಾನೆಯಲ್ಲಿ ಮುಚ್ಚಿಟ್ಟೆ. ಈ ಪತ್ರದ ಜೊತೆ ಕಳಿಸಿದ್ದೇನೆ, ನಿನ್ನ ಡಾಕ್ಟರಿಗೆ ತೋರಿಸು. ನೀನು ಸುಳ್ಳು ಹೇಳಿರಲಿಲ್ಲ ಮಗಳೇ. ನನಗೆ ಗೊತ್ತಿತ್ತು.