ಇಬ್ಬರೂ ಕೇಳಿದರೆ ಮಾತ್ರ

ಥಾರ್ನ್‌ಬೆಕ್, ಯಾರ್ಕ್‌ಶೈರ್
೨೪ ಮಾರ್ಚ್ ೧೯೯೬

ಪ್ರೀತಿಯ ಮ್ಯೂರಿಯಲ್,

ನಿನ್ನ ಕಾಗದ ಬಂತು, ನಿನ್ನ ಮತ್ತು ನಿನ್ನ ಹೊಸ ಗಂಡ ಡೆಸ್ಮಂಡ್‌ನ ಫೋಟೋಗಳೂ ಬಂದವು. ನೀನೀಗ ಇರುವ ದಕ್ಷಿಣದ ಕಾರ್ನ್‌ವಾಲ್‌ನಲ್ಲಿ ಜನವರಿಯಲ್ಲೇ ಕಪ್ಪೆಗಳು ಮೊಟ್ಟೆಯಿಟ್ಟವು, ಫೆಬ್ರವರಿಗೆಲ್ಲ ಬೇಲಿ ತುಂಬ ಪ್ರಿಮ್‌ರೋಸ್ ಅರಳಿತು ಎಂದು ಬರೆದಿದ್ದೀಯ. ಸಂತೋಷ ಕಣೇ. ಇಲ್ಲ, ಸುಳ್ಳು ಯಾಕೆ ಹೇಳಲಿ, ಸಂತೋಷವೇನೂ ಆಗಲಿಲ್ಲ, ಹೊಟ್ಟೆ ಉರಿದುಹೋಯಿತು. ನಾನಿಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು ಕೊಳದ ಮಂಜುಗಡ್ಡೆಯನ್ನು ಕೋಲಿನಲ್ಲಿ ಕುಟ್ಟುತ್ತಿದ್ದಾಗ ನೀನು ಡೆಸ್ಮಂಡ್‌ನ ಕೈಹಿಡಿದುಕೊಂಡು ಹೂವು ನೋಡುತ್ತಿದ್ದೆ.

ಅದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೊನೆಗೊಂದು ಸಾಲು ಬರೆದಿದ್ದೀಯಲ್ಲ, 'ಇಬ್ಬರೂ ಒಟ್ಟಿಗೆ ನೋಡಿದೆವು, ಆದ್ದರಿಂದ ಲೆಕ್ಕಕ್ಕೆ ಬಂತು' ಎಂದು, ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಆ ನಿಯಮ ಯಾರದ್ದು ಮಾರಾಯ್ತಿ? ಹಿಂದೊಮ್ಮೆ ನೀನು ವರ್ಷದ ಮೊದಲ ಹಳದಿ ಚಿಟ್ಟೆ ನೋಡಿದೆ ಅಂದೆ, ನಾನು ಅದು ಮಿಠಾಯಿ ಕಾಗದ ಅಂದೆ, ವಾರವಿಡೀ ಮಾತು ಬಿಟ್ಟಿದ್ದೆವು. ಆಮೇಲೆ ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಮಾಡಿಕೊಂಡ ಒಪ್ಪಂದ ಅದು. ಇಬ್ಬರೂ ನೋಡುವ ತನಕ, ಇಬ್ಬರೂ ಕೇಳುವ ತನಕ ಯಾವುದನ್ನೂ 'ಮೊದಲನೆಯದು' ಎಂದು ಕ್ಯಾಲೆಂಡರಿನಲ್ಲಿ ಬರೆಯುವಂತಿಲ್ಲ. ನೀನು ಕಿಟಕಿ ಬಡಿದಾಗಲೆಲ್ಲ ನಾನು ಚಪ್ಪಲಿಯಲ್ಲೇ ಓಡಿ ಬಂದಿದ್ದೇನೆ. ನಾನು ಕರೆದೆನೆಂದು ನೀನು ಒಲೆಯಲ್ಲಿದ್ದ ಕೇಕನ್ನು ಸೀಯಲು ಬಿಟ್ಟು ಬಂದಿದ್ದೀಯ. ಆ ನಿಯಮವನ್ನು ಎತ್ತಿ ಡೆಸ್ಮಂಡ್‌ಗೆ ಕೊಟ್ಟೆಯಲ್ಲ! ನನ್ನ ಒಳ್ಳೆಯ ಟೀಪಾಟನ್ನೇ ಕೊಟ್ಟಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಅವನಿಗೇನು ಗೊತ್ತು, ಹೇಳು? ನಿಮ್ಮ ಮದುವೆಯ ದಿನ ಚರ್ಚಿನ ಗೋಡೆಯ ಬುಡದಲ್ಲಿದ್ದ ಡ್ಯಾಂಡಿಲಯನ್ ಕಳೆ ತೋರಿಸಿ, ಇದೇನಾ ನಿಮ್ಮ ಸೆಲಂಡೈನ್ ಹೂವು ಎಂದು ಕೇಳಿದವನು ಅವನು. ಈಗ ಕುತ್ತಿಗೆಗೆ ದುಬಾರಿ ದುರ್ಬೀನು ನೇತುಹಾಕಿಕೊಂಡು ಫೋಟೋಗೆ ನಿಂತಿದ್ದಾನೆ. ಚೆನ್ನಾಗಿ ಕಾಣುತ್ತಾನೆ, ಇಲ್ಲವೆನ್ನುವುದಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು.

ಇಲ್ಲಿನ ಸುದ್ದಿ ಹೇಳುತ್ತೇನೆ. ಅದೇ ಗೋಡೆಯ ಬುಡದಲ್ಲಿ ಈಗ ನಿಜವಾದ ಸೆಲಂಡೈನ್ ಅರಳಿದೆ, ಬಿಸಿಲು ಬಿದ್ದಾಗ ಮಾತ್ರ ಕಣ್ಣು ಬಿಡುತ್ತದೆ. ಹೇಝಲ್ ಗಿಡದಲ್ಲಿ ಗುಂಡುಸೂಜಿಯ ತಲೆಯಷ್ಟೇ ಇರುವ ಆ ಕೆಂಪು ಹೂವನ್ನು ಕನ್ನಡಕವಿಲ್ಲದೆ ಕಂಡುಹಿಡಿದೆ. ನನ್ನ ಕಣ್ಣು ಇನ್ನೂ ಗಟ್ಟಿಯಾಗಿದೆ, ಅವನಿಗೆ ಹೇಳು. ಆದರೆ ಎಲ್ಲವನ್ನೂ ಒಬ್ಬಳೇ ನೋಡಿದ್ದು, ಕ್ಯಾಲೆಂಡರ್ ಖಾಲಿಯೇ ಇದೆ.

ಚಿಫ್‌ಚಾಫ್ ಹಕ್ಕಿ ಮಾತ್ರ ಇನ್ನೂ ಬಂದಿಲ್ಲ. ಇಷ್ಟು ಹೊತ್ತಿಗೆ ನಿನ್ನ ಹಳೆಯ ಮನೆಯ ಹಿಂದಿನ ಆ್ಯಶ್ ಮರದ ತುದಿಯಲ್ಲಿ ಕೂತು ತನ್ನ ಹೆಸರನ್ನೇ ಮತ್ತೆ ಮತ್ತೆ ಕೂಗಬೇಕಿತ್ತು. ನಾವಿಬ್ಬರೂ ಕೆಳಗೆ ನಿಂತಿರುತ್ತಿದ್ದೆವು, ಕೂಗಿದೊಡನೆ ನೀನು ನನ್ನ ಮೊಣಕೈ ಮುಟ್ಟುತ್ತಿದ್ದೆ, ನಾನು ತಲೆಯಾಡಿಸುತ್ತಿದ್ದೆ, ಆಮೇಲೆ ಮನೆಗೆ ಬಂದು ಟೋಸ್ಟ್ ತಿನ್ನುತ್ತಿದ್ದೆವು. ಈ ವರ್ಷ ದಿನಾ ಬೆಳಿಗ್ಗೆ ಹೋಗಿ ನಿಲ್ಲುತ್ತೇನೆ. ಸದ್ದೇ ಇಲ್ಲ. ದಕ್ಷಿಣದಿಂದ ಹಾರಿ ಬರುವಾಗ ಗಾಳಿ ಎದುರಾಗಿ ದಾರಿಯಲ್ಲೇ ತಡವಾಗಿರಬೇಕು. ನಿಮ್ಮಲ್ಲಿ ಅದು ಚಳಿಗಾಲವಿಡೀ ಮನೆಯಳಿಯನ ಹಾಗೆ ಅಲ್ಲೇ ಠಿಕಾಣಿ ಹೂಡಿರುತ್ತದಂತೆ. ಹಾಗಿದ್ದ ಮೇಲೆ 'ಮೊದಲನೆಯದು' ಎಲ್ಲಿಂದ ಬಂತು?

ಪಕ್ಕದ ಮನೆಯ ಹಿಲ್ಡಾ ಮೊನ್ನೆ ಗೋಡೆಯ ಮೇಲಿಂದ ಬಗ್ಗಿ, "ಏನ್ರೀ ಎಡ್ನಾ, ನಿಮ್ಮ ಹಕ್ಕಿ ಬಂದು ವಾರ ಆಯ್ತಲ್ಲ, ಬೆಳಗಾದ್ರೆ ಸಾಕು ತಲೆ ತಿನ್ನುತ್ತೆ" ಅಂದಳು.

"ಅದು ಗ್ರೇಟ್ ಟಿಟ್ ಅನ್ನೋ ಬೇರೆ ಹಕ್ಕಿ ಕಣ್ರೀ. ಅದೂ ಹಿಂಗೇ ಎರಡೇ ಸ್ವರ ಎಳೆಯುತ್ತೆ. ಗೊತ್ತಿಲ್ಲದೋರು ಮೋಸ ಹೋಗ್ತಾರೆ" ಎಂದು ಬಾಯಿ ಮುಚ್ಚಿಸಿದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅಂಗಡಿಯಿಂದ ಏನಾದರೂ ಬೇಕಾ ಎಂದು ಊರಿಗೆಲ್ಲ ಕೇಳುವಂತೆ ಕಿರುಚಿದಳು. ಈಚೆಗೆ ಈ ಊರಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ.

ಈಸ್ಟರ್‌ಗೆ ಇಲ್ಲಿಗೆ ಬರಬೇಕೋ ಡೆಸ್ಮಂಡ್‌ನ ತಂಗಿಯ ಮನೆಗೆ ಹೋಗಬೇಕೋ ಇನ್ನೂ ಗೊತ್ತಾಗಿಲ್ಲ ಎಂದಿದ್ದೀಯ. ನಿನ್ನಿಷ್ಟ. ಬಾ ಬಾ ಎಂದು ಗೋಗರೆಯುವವಳು ನಾನಲ್ಲ, ನಿನಗೇ ಗೊತ್ತು.

ಇಲ್ಲೇ ಇರುವ ನಿನ್ನ,
ಎಡ್ನಾ

ಇನ್ನೊಂದು ಮಾತು: ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದಿದ್ದೇನೆ. ಈಗಷ್ಟೇ ಆ್ಯಶ್ ಮರದ ಹತ್ತಿರ ಹೋಗಿ ಬಂದೆ. ಹಕ್ಕಿ ಅಲ್ಲೇ ಇತ್ತು ಮ್ಯೂರಿಯಲ್, ಬೋಳು ಕೊಂಬೆಯ ತುದಿಯಲ್ಲಿ. ಬಾಲ ಕುಣಿಸುತ್ತಿತ್ತು, ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಗಂಟಲು ನಡುಗುತ್ತಿತ್ತು. ನನಗೇನೂ ಕೇಳಿಸಲಿಲ್ಲ. ಹೋದ ವರ್ಷವೂ ಕೇಳಿಸಿರಲಿಲ್ಲ ಅಂತ ಈಗ ಅನಿಸುತ್ತಿದೆ. ನೀನು ಮೊಣಕೈ ಮುಟ್ಟಿದ್ದಕ್ಕೆ ತಲೆಯಾಡಿಸಿದ್ದೆ ಅಷ್ಟೇ. ನಿನಗೆ ಗೊತ್ತಿತ್ತಾ? ಕ್ಯಾಲೆಂಡರಿನಲ್ಲಿ ಇನ್ನೂ ಬರೆದಿಲ್ಲ. ಬಾ. ಡೆಸ್ಮಂಡ್ ಬಂದರೂ ಬರಲಿ, ಒಳಗೆ ಕೂತು ಟೋಸ್ಟ್ ಮಾಡಲಿ. ಮರದ ಕೆಳಗೆ ನನ್ನ ಪಕ್ಕ ನೀನೊಬ್ಬಳೇ ನಿಲ್ಲಬೇಕು.